ಬೀಗ ನೋಡಲು ಹೋದದ್ದು

ಕೈಚೀಲದ ಜಿಪ್ಪು ತೆಗೆಯುವಾಗ ಗೋಡೆಯ ಕಡೆ ತಿರುಗಿ ನಿಲ್ಲುವವಳು ನಾನು. ಚೀಲದಲ್ಲಿರುವುದು ಒಂದು ಪೆನ್ನು, ಒಂದು ಬಾಚಣಿಕೆ, ಎಸೆಯಲು ಮರೆತ ಬಸ್ ಟಿಕೆಟ್ಟುಗಳು. ಕದ್ದವನಿಗೂ ಬೇಸರ ಬರುವ ಸರಕು. ಆದರೂ ಇನ್ನೊಬ್ಬರು ನೋಡಬಾರದು. ಇಂಥ ನಾನು ಮನೆಗೊಂದು ತಿಜೋರಿ ತರಲು ಹೋಗಿ, ಮನೆಯಲ್ಲಿ ಏನಿದೆ, ಎಲ್ಲಿದೆ ಎನ್ನುವುದನ್ನು ಎರಡು ತಾಲೂಕಿಗೆ ಸಾರಿ ಬಂದೆ. ಅದು ಹೇಗಾಯಿತೋ ನನಗೇ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಮೊದಲ ತಪ್ಪು ನನ್ನದೇ. ಬೈಲಹೊಂಗಲದ ನಮ್ಮ ಮನೆಯಲ್ಲಿರುವುದು ಅವ್ವ ಮತ್ತು ನಾನು. ಅವ್ವನಿಗೆ ಅವಳ ಅವ್ವನಿಂದ ಬಂದ ಬೋರಮಾಳ ಒಂದಿದೆ. ಬಂಗಾರದ ಗುಂಡುಗಳ ಸರ. ಅದನ್ನು ಅವಳು ಜೋಳದ ಡಬ್ಬಿಯ ತಳದಲ್ಲಿ ಇಡುತ್ತಿದ್ದಳು. ನನಗೆ ಹೇಳಿರಲಿಲ್ಲ, ಮುಚ್ಚಿಡುವ ಗುಣ ನನಗೆ ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಮನೆಗೆಲಸಕ್ಕೆ ಕೈ ಹಚ್ಚುವುದಿಲ್ಲ ಎಂಬ ಮಾತು ತಪ್ಪಿಸಿಕೊಳ್ಳಲು ಒಂದು ದಿನ ಆ ಡಬ್ಬಿಯನ್ನೇ ಹೊತ್ತು ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯಾಕೆ ಜೋಳ ಸುರಿದು, ಸರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸರದಿಯಲ್ಲಿದ್ದ ಏಳೆಂಟು ಜನರ ಮುಂದೆ ಕೇಳಿದಳು: “ಇದನ್ನೂ ಬೀಸೂದೇನ್ರಿ ಅಕ್ಕಾರ? ಸಣ್ಣಗೋ, ದಪ್ಪಗೋ?”

ಅಂದಿನಿಂದ ಅವ್ವ ಮನೆ ಬಿಟ್ಟು ಕದಲಲಿಲ್ಲ. ಅತ್ತ ಕಟಕೋಳದಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ, ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡು ಮಲಗಿದ್ದಳು. ದಿನಾ ಫೋನು. “ನಾ ಎದ್ದು ಓಡ್ಯಾಡೂ ಹೊತ್ತಿಗೆ ಬರತೀಯೇನ? ಹಂಗಾದ್ರ ಇರು, ನಾನ ನಿನ್ನ ನೋಡಾಕ ಬರತೇನಿ.” ಅವ್ವ ಫೋನಿಟ್ಟು ಮೊದಲು ಡಬ್ಬಿಯ ಕಡೆ ನೋಡುತ್ತಿದ್ದಳು, ಆಮೇಲೆ ನನ್ನ ಕಡೆ. “ಊರ ಮಂದಿಗೆಲ್ಲಾ ಸರ ತೋರಿಸಿ ಬಂದಿ. ಇನ್ನ ಮನಿ ಬಿಟ್ಟು ಹ್ಯಾಂಗ ಹೋಗ್ಲಿ? ಗಟ್ಟಿ ಪೆಟ್ಟಿಗಿ ತಾ ಮೊದಲ.” ಅಕ್ಕತಂಗಿಯರ ನಡುವೆ ಈಗ ಅಡ್ಡವಿದ್ದದ್ದು ನಾನು ಇನ್ನೂ ತರದ ಒಂದು ಪೆಟ್ಟಿಗೆ.

ನನ್ನಂತೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವರು ಗಾಬರಿಯಾದರೆ ಕೋಷ್ಟಕ ಹಾಕುತ್ತಾರೆ. ನಾನೂ ಹಾಕಿದೆ. ಬೆಂಕಿ ತಾಳುವ ಪೆಟ್ಟಿಗೆ ಕಳ್ಳನನ್ನು ತಾಳುವುದಿಲ್ಲವಂತೆ. ಕಳ್ಳನನ್ನು ತಾಳುವುದು ಬೆಂಕಿಯನ್ನು ತಾಳುವುದಿಲ್ಲವಂತೆ. ಹಗುರದ್ದನ್ನು ಕಳ್ಳ ಪೆಟ್ಟಿಗೆ ಸಮೇತ ಒಯ್ಯುತ್ತಾನೆ. ಭಾರದ್ದನ್ನು ನಾವೇ ಮನೆಯೊಳಗೆ ಒಯ್ಯಲಾರೆವು. ಬೆರಳಚ್ಚಿನಿಂದ ತೆರೆಯುವುದು ಚೆನ್ನಾಗಿತ್ತು. ಆದರೆ ರೊಟ್ಟಿ ಬಡಿದು ಬಡಿದು ಅವ್ವನ ಬೆರಳಿನ ಗೆರೆಗಳು ಸವೆದಿವೆ. ಪಡಿತರದ ಯಂತ್ರ ಅವಳನ್ನು ಅವಳೆಂದು ಒಪ್ಪುವುದಕ್ಕೇ ನಾಲ್ಕು ಸಲ ಒತ್ತಬೇಕು. ನಂಬರಿನದಾದರೆ, ಅವ್ವನಿಗೆ ನೆನಪಿರುವ ನಂಬರು ಓಣಿಗೆಲ್ಲ ಗೊತ್ತಿರುತ್ತದೆ. ಹದಿನಾಲ್ಕು ಸಾಲಿನ ಕೋಷ್ಟಕ ಮುಗಿದಾಗ ನನಗೆ ಮೊದಲಿಗಿಂತ ಕಡಿಮೆ ತಿಳಿದಿತ್ತು.

ಇಲ್ಲಿ ಒಂದು ಶಬ್ದದ ಮಾತು ಹೇಳಬೇಕು. ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಧಾರವಾಡದ ಹಾಸ್ಟೆಲಿನಲ್ಲಿ ತುಮಕೂರಿನ ಗೆಳತಿಗೆ ನಾನು ಕೀಲಿ ಕೇಳಿದರೆ ಅವಳು ಕೀಲಿಕೈ ಕೊಡುತ್ತಿದ್ದಳು. ಎರಡು ವರ್ಷ ಹೀಗೆ ಒಬ್ಬರಿಗೊಬ್ಬರು ಬೇಡದ್ದನ್ನು ಕೊಟ್ಟು ಸಾಕಾಗಿ, ಅವಳ ‘ಬೀಗ’ವನ್ನು ನನ್ನ ಬಾಯಿಗೆ ಹಾಕಿಕೊಂಡೆ. ಓದಿನಿಂದ ನಾನು ತಂದ ಆಸ್ತಿಯಲ್ಲಿ ಅದೂ ಒಂದು. ಆದರೆ ನಮ್ಮೂರಲ್ಲಿ ಆ ಶಬ್ದ ಖಾಲಿ ಬಿದ್ದಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಿತ್ತೂರಿಗೆ ಹೊರಟೆ. ಬೈಲಹೊಂಗಲದಲ್ಲಿ ಅಂಗಡಿಗಳಿಲ್ಲವೆಂದಲ್ಲ, ಇಲ್ಲಿಯ ಅಂಗಡಿಯವರಿಗೆ ನಾವು ಗೊತ್ತು. ಗುಟ್ಟಿಗಾಗಿ ಬಸ್ಸು ಹತ್ತಬೇಕಾಯಿತು. ಪಕ್ಕದ ಮನೆಯ ಪಾರ್ವತಕ್ಕ ಕಾಂಪೌಂಡಿನ ಮೇಲಿಂದ ಕೇಳಿದರು, “ಮುಂಜಾನೆದ್ದು ಎಲ್ಲಿಗವಾ?”

“ಕಿತ್ತೂರಿಗ್ರಿ. ಬೀಗ ನೋಡಾಕ.”

ತಿಜೋರಿ ಎಂದರೆ ಗುಟ್ಟು ಹೋಗುತ್ತದೆಂದು ಬೀಗ ಎಂದಿದ್ದೆ. ಅವರ ಮುಖ ಅರಳಿತು. ಒಂದು ಕಬ್ಬಿಣದ ಸಾಮಾನಿಗೆ ಇಷ್ಟು ಸಂತೋಷ ಯಾಕೆಂದು ನನಗೆ ತಿಳಿಯಲಿಲ್ಲ.

ಕಿತ್ತೂರಿನ ಅಂಗಡಿಯ ಮುದುಕರು ಮೊದಲು ಕೇಳಿದ್ದೇ, “ಏನ್ ಇಡಾವ್ರಿ?”

“ಕಾಗದ ಪತ್ರ,” ಎಂದೆ.

“ಕಾಗದಕ್ಕ ಬೆಂಕಿ ತಾಳೂದು ಬೇಕು, ಬಂಗಾರಕ್ಕ ಕಳ್ಳನ್ನ ತಾಳೂದು. ಖರೇ ಹೇಳ್ರಿ.” ನಾನು ಕೈಚೀಲದ ಜಿಪ್ಪು ಎಳೆದುಕೊಂಡೆ. “ಡಾಕ್ಟರ್ ಮುಂದ ಹೊಟ್ಟಿ ಬ್ಯಾನಿ ಮುಚ್ಚಿಟ್ಟಂಗಾತು ನೋಡ್ ತಂಗಿ. ಏನಂತ ಔಷಧ ಕೊಡ್ಲಿ?”

ಪಿಸುಗುಟ್ಟಿದೆ. ಅವರು ಒಳಕೋಣೆಗೆ ಕೇಳುವಂತೆ ಕೂಗಿದರು, “ಒಂದ ಬೋರಮಾಳ ಅಂತೋ! ಸಣ್ಣದು ತಗೀ!”

ಸಂಜೆ ಓಣಿಗೆ ಕಾಲಿಡುತ್ತಲೇ ಪಾರ್ವತಕ್ಕ ಹಿಡಿದರು. “ಪಸಂದ್ ಬಿತ್ತೇನ?”

“ಬಿತ್ತರಿ. ಬುಧವಾರ ಮನಿಗೇ ಬರತಾರ.”

“ಎಷ್ಟ ಮಂದಿ?”

“ಇಬ್ಬರು. ಗ್ವಾಡಿ ನೋಡಿ, ಕೂಡಿಸಿ ಹೋಗತಾರ.”

“ಗ್ವಾಡಿ ಯಾಕ ನೋಡತಾರ? ಏನರೆ ಕೇಳಿದ್ರೇನ?”

“ಮನಿಯೊಳಗ ಬಂಗಾರ ಎಷ್ಟೈತಿ ಅಂತ ಕೇಳಿದ್ರು.”

“ಎಲ್ಲಾರೂ ಅದನ್ನ ಕೇಳತಾರ ತಗೀ,” ಎಂದು ಪಾರ್ವತಕ್ಕ ನಿಟ್ಟುಸಿರು ಬಿಟ್ಟರು. ಎಷ್ಟು ತಿಳಿದವರು ಎಂದುಕೊಂಡೆ.

ಬುಧವಾರ ಟೆಂಪೋ ಬಂದಾಗ ನಮ್ಮ ಕಟ್ಟೆಯ ಮೇಲೆ ಐದು ಜನ ಹೆಂಗಸರು ಕುಳಿತಿದ್ದರು. ಐವರೂ ಇಳಕಲ್ ಸೀರೆಯಲ್ಲಿ, ಒಬ್ಬರ ಕೈಯಲ್ಲಿ ಮಲ್ಲಿಗೆ. ಆಗ ನನಗೆ ಹೊಳೆಯಿತು. ನಮ್ಮಲ್ಲಿ ನೋಡಲು ಹೋಗುವುದು ಬೀಗವನ್ನಲ್ಲ, ಬೀಗರನ್ನು. ಮದುವೆಯ ಸಂಬಂಧ ಕುದುರಿಸುವಾಗ. ನಾಲ್ಕು ದಿನದಿಂದ ಓಣಿಯಲ್ಲಿ ನನ್ನ ಮದುವೆ ನಡೆದಿತ್ತು, ನನಗೊಬ್ಬಳಿಗೆ ಆಮಂತ್ರಣವಿರಲಿಲ್ಲ.

ಪಾರ್ವತಕ್ಕ ಟೆಂಪೋದೊಳಗೆ ಇಣುಕಿ, “ಯವ್ವಾ, ಇವರೇನ ಬೀಗರು?” ಎಂದರು. ಗೆಣ್ಣಿನಿಂದ ಪೆಟ್ಟಿಗೆಯನ್ನು ತಟ್ಟಿ ನೋಡಿದರು. “ಗಟ್ಟಿ ಅದಾರ ಬಿಡು. ಮಾತೂ ಕಮ್ಮಿ. ಇಂಥಾ ಬೀಗರು ಸಿಗಬೇಕಂದ್ರ ಪುಣ್ಯ ಮಾಡಿರಬೇಕು.”

ಉಟ್ಟ ಸೀರೆ ದಂಡವಾಗಬಾರದೆಂದು ಐವರೂ ಒಳಗೆ ಬಂದರು. ಯಾವ ಗೋಡೆ ಗಟ್ಟಿ ಎಂದು ತಲೆಗೊಂದು ಮಾತು ಹೇಳಿ, ಅವರೇ ಜಾಗ ಆರಿಸಿ, ಬೋಲ್ಟು ಬಿಗಿಯುವವರೆಗೆ ನಿಂತು, ಚಹಾ ಕುಡಿದು ಹೋದರು. ಯಾರಿಗೂ ಗೊತ್ತಿರಬಾರದ ಜಾಗ ಹೀಗೆ ಬಹುಮತದಿಂದ ತೀರ್ಮಾನವಾಯಿತು.

ಎಲ್ಲರೂ ಹೋದ ಮೇಲೆ ಪೆಟ್ಟಿಗೆಯ ಪುಸ್ತಿಕೆ ಓದಿದೆ. ಕೊನೆಗೆ ಬಂದದ್ದು ನಂಬರಿನದೇ; ನಂಬರು ಮರೆತರೆ ಇರಲಿ ಎಂದು ಎರಡು ಕೀಲಿಕೈ ಕೊಟ್ಟಿದ್ದರು. ಅವನ್ನು ಪೆಟ್ಟಿಗೆಯ ಹೊರಗೆ, ಸುರಕ್ಷಿತ ಸ್ಥಳದಲ್ಲಿ ಇಡಬೇಕಂತೆ. ನಾನು ಈ ಸಾಲನ್ನು ಮೂರು ಸಲ ಓದಿದೆ. ಅಂಥ ಸ್ಥಳ ಇದ್ದಿದ್ದರೆ ಪೆಟ್ಟಿಗೆ ಯಾಕೆ ಬೇಕಿತ್ತು? ಪುಸ್ತಿಕೆ ಬರೆದವರಿಗೆ ಉತ್ತರ ಗೊತ್ತಿರಲಿಲ್ಲ; ಅವ್ವನಿಗೆ ಗೊತ್ತಿತ್ತು. ಕೀಲಿಕೈಗಳನ್ನು ತೆಗೆದುಕೊಂಡು ಸೀದಾ ಜೋಳದ ಡಬ್ಬಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಕಟಕೋಳಕ್ಕೆ ಹೊರಟು ನಿಂತ ಅವಳ ಕೊರಳಲ್ಲಿ ಬೋರಮಾಳ ಇತ್ತು.

“ಅವ್ವಾ, ಮತ್ತ ಪೆಟ್ಟಿಗಿ?”

“ಇರಲಿ, ಅದು ಎಲ್ಲಿಗಿ ಹೋಗತೈತಿ? ಆಪರೇಶನ್ ಆಗಿ ಮೂರು ವಾರ ಆದಮ್ಯಾಲ ಹೊಂಟೇನಿ, ಅಕ್ಕನ ಮುಂದ ಬರೇ ಕೊಳ್ಳಾಗ ಹೋಗಲೇನ? ಇದು ನಮ್ಮವ್ವಂದು. ಆಕಿನೂ ನೋಡಬೇಕಲ್ಲ.”

ಪೆಟ್ಟಿಗೆಯೊಳಗೆ ಏನೂ ಇಲ್ಲದಿರುವುದಕ್ಕೇ ಅವ್ವ ನಿಶ್ಚಿಂತೆಯಿಂದ ಹೋದಳೋ, ಪೆಟ್ಟಿಗೆ ಇರುವುದಕ್ಕೆ ಹೋದಳೋ, ನನ್ನ ಯಾವ ಕೋಷ್ಟಕದಲ್ಲೂ ಕೂಡುವುದಿಲ್ಲ. ಅಂತೂ ಹೋದಳು.

ಮಧ್ಯಾಹ್ನ ಮುನವಳ್ಳಿ ದಾಟುವಾಗ ಬಸ್ಸಿನಿಂದ ಅವಳ ಫೋನು ಬಂತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಸ್ಪೀಕರ್ ಹಚ್ಚಿದೆ. “ಜ್ವಾಳ ಬೀಸಾಕ ಒಯ್ಯಬ್ಯಾಡ ಮತ್ತ!” ಇಡೀ ಬಸ್ಸಿಗೆ ಕೇಳಿಸಿರಬೇಕು.

ಕಾಂಪೌಂಡಿನ ಆಚೆ ಪಾರ್ವತಕ್ಕ ಇದ್ದರು. ಎಲ್ಲ ಕೇಳಿಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದು ಒಂದು ಡಬ್ಬಿ ಹಿಟ್ಟನ್ನು ಗೋಡೆಯ ಮೇಲೆ ಇಟ್ಟರು. “ಅವ್ವ ಬರೂತನಕ ಇದರಾಗ ರೊಟ್ಟಿ ಮಾಡ್ಕೊ,” ಎಂದವರು, ದನಿ ತಗ್ಗಿಸಿ, “ನಂದು ಅಕ್ಕಿಯೊಳಗೈತಿ,” ಎಂದು ಒಳಗೆ ಹೋದರು.

ನಾನು ಹಿಟ್ಟಿನ ಡಬ್ಬಿ ಹಿಡಿದು ನಿಂತೇ ಇದ್ದೆ. ಇಷ್ಟು ವರ್ಷದಲ್ಲಿ ಯಾರೂ, ನಾನು ಕೇಳದೆ, ನನಗೊಂದು ಗುಟ್ಟು ಕೊಟ್ಟಿರಲಿಲ್ಲ. ಚೀಲ ಮುಚ್ಚಿಕೊಂಡು ಗೋಡೆಗೆ ತಿರುಗಿದವಳಿಗೆ ಯಾರು ಕೊಡುತ್ತಾರೆ? ಅದನ್ನು ಎಲ್ಲಿಡಬೇಕೆಂದು ಮಾತ್ರ ನಾನು ಗೊಂದಲಪಡಲಿಲ್ಲ. ಇಲ್ಲಿ ಹಾಗೆ ಬರೆದಿದ್ದರೂ ಅವರ ಹೆಸರು ಪಾರ್ವತಕ್ಕ ಅಲ್ಲ. ಅವರು ಹೇಳಿದ್ದು ಅಕ್ಕಿಯೂ ಅಲ್ಲ.