ಮುದ್ದುಕೃಷ್ಣನ ಹಸಿವು

ನಮ್ಮ ನಗರದ ಅಸಡ್ಡೆಯ ಫಲವನ್ನು ಉಂಡವಳು ನನ್ನ ತಂಗಿಯ ಮಗಳು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅವಳ ಪಾಲಿಗೆ ಹೊಟ್ಟೆ ತುಂಬುವಷ್ಟು ಬೇರೇನೂ ಬರಲಿಲ್ಲ.

ಹುಟ್ಟುವಾಗಲೇ ಅವಳು ಬಲು ಸಣ್ಣವಳು. ಹೆರಿಗೆಯಾದ ಖಾಸಗಿ ಆಸ್ಪತ್ರೆಯ ಗೋಡೆಗಳ ಮೇಲೆ ಎದೆಹಾಲಿನ ಮಹಿಮೆಯನ್ನು ಸಾರುವ ಚಿತ್ರಗಳಿದ್ದವು. ತಂಗಿಯ ಮಗ್ಗುಲಲ್ಲಿ ಕುಳಿತು, ಮಗು ಸರಿಯಾಗಿ ಹಾಲು ಚೀಪುತ್ತಿದೆಯೇ ಎಂದು ನೋಡುವವರು ಒಬ್ಬರೂ ಇರಲಿಲ್ಲ. ಮಗು ಅತ್ತಿತು. ಮಕ್ಕಳ ವೈದ್ಯರು ಬಾಗಿಲಲ್ಲೇ ನಿಂತು, "ಹಾಲು ಸಾಕಾಗುವುದಿಲ್ಲ. ಡಬ್ಬಿ ಶುರು ಮಾಡಿ" ಎಂದರು. ತಾಯಿಯನ್ನು ವಿಚಾರಿಸದೆ, ಮಗುವನ್ನು ಎತ್ತದೆ, ಹೊಸ್ತಿಲಿನಿಂದಲೇ ತೀರ್ಮಾನ ಕೊಡುವ ಈ ವಿದ್ಯೆಗೆ ನಮ್ಮ ನಗರದಲ್ಲಿ ಶುಲ್ಕವೂ ಇದೆ, ಮರ್ಯಾದೆಯೂ ಇದೆ.

ತಂಗಿಯ ಗಂಡ ದುಬೈಯಲ್ಲಿದ್ದರು. ಅಲ್ಲಿಂದ ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಹಾಲಿನ ಪುಡಿಯ ಡಬ್ಬಿಗಳು ಬಂದವು. ಕುಲಶೇಖರದಲ್ಲಿದ್ದ ತಂಗಿಯ ಗಂಡನ ಮನೆಯಲ್ಲಿ ಅವುಗಳಿಗೆ ಚಾವಡಿಯ ಶೋಕೇಸಿನಲ್ಲಿ ಜಾಗ. ಇಲ್ಲಿನ ಅಂಗಡಿಯ ಡಬ್ಬಿ ತಂಗಿಯ ಅತ್ತೆಯ ಅಂತಸ್ತಿಗೆ ಸಲ್ಲದು. ಹಾಗಾಗಿ, ಮುಂದಿನ ನೆಂಟನೊಬ್ಬ ವಿಮಾನ ಇಳಿಯುವ ತನಕ ಇದ್ದ ಪುಡಿಯನ್ನೇ ಎಳೆಯಬೇಕಿತ್ತು. ಪುಡಿ ಕಡಿಮೆಯಾದಂತೆ ಬಾಟಲಿಯಲ್ಲಿ ನೀರು ಹೆಚ್ಚಿತು.

"ಅತ್ತೆ, ಇದು ಹಾಲಾ, ಅಕ್ಕಿ ತೊಳೆದ ನೀರಾ?" ಎಂದು ಕೇಳಿದೆ.

"ಗಲ್ಫಿನದ್ದು ಮಾರಾಯ್ತಿ, ಸ್ಟ್ರಾಂಗ್ ಉಂಟು. ಸ್ವಲ್ಪವೇ ಸಾಕು. ನಿನ್ನ ಭಾಷಣ ಮೈಕ್ ಇರುವಲ್ಲಿ ಮಾಡು, ನನ್ನ ಅಡುಗೆಕೋಣೆಯಲ್ಲಿ ಎಂತಕ್ಕೆ?"

ಆ ಹೆಂಗಸಿಗೆ ಯಾರೂ ತಿಳಿಸಿ ಹೇಳಿರಲಿಲ್ಲ; ಆಕೆಯನ್ನು ನಾನು ಕ್ಷಮಿಸಬಲ್ಲೆ. ತಿಳಿಸಿ ಹೇಳುವುದಕ್ಕೆಂದೇ ಸಂಬಳ ಪಡೆಯುವ ಆರೋಗ್ಯ ಕೇಂದ್ರದವರನ್ನು ಕ್ಷಮಿಸಲಾರೆ. ಲಸಿಕೆಗೆ ಹೋದಾಗ ಸೂಜಿ ಚುಚ್ಚಿದರು, ಫೋಟೋ ತೆಗೆದು ಮೇಲಿನವರಿಗೆ ಕಳುಹಿಸಿದರು. ತೂಕ ನೋಡಿ ಎಂದೆ.

"ಸ್ಕೇಲಿನ ಸೆಲ್ ಹೋಗಿದೆ. ಹಾಲು ಕುಡಿಯುವ ಮಗುವಿಗೆ ಎಂತ ಆಗ್ತದೆ? ಆರು ತಿಂಗಳು ಆಗಲಿ, ನೋಡುವ."

ಆರು ತಿಂಗಳು ತುಂಬುವ ಮೊದಲು ಸೊರಗಲು ಶಿಶುಗಳಿಗೆ ಅನುಮತಿಯಿಲ್ಲ ಎಂಬುದು ಇವರ ವಿಜ್ಞಾನ. ಮಗು ಕುಡಿಯುತ್ತಿರುವುದು ಯಾವ ಹಾಲು ಎಂದು ಕೇಳುವಷ್ಟು ಕುತೂಹಲವೂ ಅವರಲ್ಲಿರಲಿಲ್ಲ.

ಅಷ್ಟರಲ್ಲಿ ಅಷ್ಟಮಿ ಬಂತು. ನಮ್ಮ ನಗರ ಕೈಗೂಸುಗಳಿಗೂ ಕಿರೀಟ ತೊಡಿಸಿ ಸ್ಪರ್ಧೆಗೆ ನಿಲ್ಲಿಸುತ್ತದೆ. ಕಂಕನಾಡಿಯ ಸಭಾಂಗಣವೊಂದರಲ್ಲಿ ನಡೆದ ಮುದ್ದುಕೃಷ್ಣ ಸ್ಪರ್ಧೆಗೆ ಅತ್ತೆ ಮೊಮ್ಮಗಳನ್ನು ಸಿಂಗರಿಸಿ ತಂದರು. ವೇದಿಕೆಯ ಮೇಲೆ ಕಿರೀಟ ಜಾರಿ ಮಗುವಿನ ಮೂಗಿನ ಮೇಲೆ ಕುಳಿತಿತು. ತೋಳಬಂದಿ ಮಣಿಕಟ್ಟಿಗೆ ಇಳಿಯಿತು.

"ಎಂತ ಮಾರಾಯ್ರೆ, ಈ ಕೃಷ್ಣನಿಗೆ ಯಶೋದೆ ಬೆಣ್ಣೆಯೇ ಕೊಡ್ಲಿಲ್ವಾ?" ಎಂದ ನಿರೂಪಕ.

ಸಭೆ ನಕ್ಕಿತು. ತೀರ್ಪುಗಾರರ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದ, ಅದೇ ಮಕ್ಕಳ ವೈದ್ಯರೂ ನಕ್ಕರು. ಸಮಾಧಾನಕರ ಬಹುಮಾನವೆಂದು ಅವರು ತಮ್ಮ ಕೈಯಾರೆ ಕೊಟ್ಟದ್ದು ಒಂದು ಡಬ್ಬಿ ಹಾಲಿನ ಪುಡಿ. ಹಾಗೆ ಹಂಚುವುದನ್ನು ಈ ದೇಶದ ಕಾನೂನು ನಿಷೇಧಿಸಿದೆ. ಸಭೆ ಚಪ್ಪಾಳೆ ತಟ್ಟಿತು.

ಅವರು ಕೆಳಗಿಳಿದಾಗ ಅಡ್ಡ ನಿಂತೆ. "ಡಾಕ್ಟ್ರೇ, ಈ ಮಗುವಿನ ಕೈ ನೋಡಿ."

"ಇವತ್ತು ಫಂಕ್ಷನ್ ಅಲ್ವಾ? ಸೋಮವಾರ ಒಪಿಡಿಗೆ ಬನ್ನಿ."

ತಂಗಿ ನನ್ನ ಸೆರಗು ಜಗ್ಗಿದಳು. "ಅಕ್ಕಾ, ಬೆಳಿಗ್ಗೆಯಿಂದ ಭೇದಿ ಉಂಟು. ಈಗ ಅಳುವುದೂ ಇಲ್ಲ."

ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಮಗುವಿನ ಜೀವ ಉಳಿದ ಮೇಲೆ ಅಲ್ಲಿನ ವೈದ್ಯೆ ತಂಗಿಯ ಪಕ್ಕ ಕುಳಿತು ಅವಳು ಹಾಲೂಡುವುದನ್ನು ನೋಡಿದರು. ಮಗು ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿತ್ತು. ಬಾಯಿ ಅಗಲಿಸಿ ಹಿಡಿಸುವುದನ್ನು ಕಲಿಸಿದರು. ಎದೆಹಾಲು ಮರಳುವ ತನಕ ಪುಡಿಯ ಹಾಲನ್ನು ಸರಿಯಾದ ಅಳತೆಯಲ್ಲಿ ಕಲಸಿ ಪುಟ್ಟ ಲೋಟದಿಂದ ಕುಡಿಸಿದರು. ಇಷ್ಟೇ. ಇಷ್ಟನ್ನು ಮೊದಲ ದಿನವೇ ಮಾಡಬಹುದಿತ್ತು. ಮುಂದೆ, ಓರಗೆಯ ಮಕ್ಕಳು ಅಂಗಳದಲ್ಲಿ ಓಡುವಾಗಲೂ ನನ್ನ ತಂಗಿಯ ಮಗಳು ಗೋಡೆ ಹಿಡಿದು ನಿಂತಿದ್ದಳು. ಆ ಮಕ್ಕಳ ವೈದ್ಯರಿಗೆ ಮರುವರ್ಷವೂ ಶಾಲು ಸಂದಿತು.

ನಗರದ ಆರೋಗ್ಯಾಧಿಕಾರಿಗಳೇ, ನಿಮ್ಮಿಂದ ನಾನು ಕನಿಕರವನ್ನು ಬೇಡುತ್ತಿಲ್ಲ. ಲಸಿಕೆಗೆ ಬರುವ, ಆರು ತಿಂಗಳೊಳಗಿನ ಪ್ರತಿಯೊಂದು ಶಿಶುವನ್ನೂ ಬಟ್ಟೆ ಕಳಚಿ ತೂಗಬೇಕು. ತೂಕ ಏರದಿದ್ದರೆ, ತಾಯಿ ಮನೆಗೆ ಹೊರಡುವ ಮೊದಲೇ ತರಬೇತಿ ಪಡೆದವರೊಬ್ಬರು ಪಕ್ಕದಲ್ಲಿ ಕುಳಿತು, ಆಕೆ ಹಾಲೂಡುವುದನ್ನು ಆರಂಭದಿಂದ ಕೊನೆಯವರೆಗೆ ನೋಡಬೇಕು. ಈ ಆದೇಶವನ್ನು ಇದೇ ತಿಂಗಳು ಲಿಖಿತವಾಗಿ ಹೊರಡಿಸಿ.