ಅತ್ತಮ್ಮನ ಪಕ್ಷದ ಗಿಣಿ

ಗಿಣಿಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಬಹುವಚನದಲ್ಲಿ ಹೇಳಿದ್ದು ನನ್ನ ಮರ್ಯಾದೆ ಉಳಿಸಿಕೊಳ್ಳುವುದಕ್ಕೆ. ನನಗೆ ಹತ್ತಿರದಿಂದ ಗೊತ್ತಿರುವುದು ಒಂದೇ ಗಿಣಿ, ಅದು ನಮ್ಮ ಅತ್ತೆಯದು, ಅದಕ್ಕೆ ಆಗದವಳು ಇಡೀ ಊರಿನಲ್ಲಿ ನಾನೊಬ್ಬಳೇ. ಹಾಲು ಹಾಕುವವನ ಭುಜದ ಮೇಲೆ ಹತ್ತಿ ಕೂರುತ್ತಿತ್ತು. ಕರೆಂಟು ಬಿಲ್ಲಿನವನ ಜೇಬಿನಿಂದ ಪೆನ್ನು ಎಳೆದು ಆಟವಾಡುತ್ತಿತ್ತು. ನಾನು ನೀರಿನ ಬಟ್ಟಲು ಬದಲಾಯಿಸಲು ಕೈಯಿಟ್ಟರೆ ಮಾತ್ರ ಬೆರಳಿಗೆ ಬಾಯಿ ಹಾಕುತ್ತಿತ್ತು. ನಾನು ಶಿಡ್ಲಘಟ್ಟದಲ್ಲಿ ಲೈಬ್ರರಿ ನೋಡಿಕೊಳ್ಳುವವಳು. ಬೆರಳಿಗೆ ಸುತ್ತಿದ ಬಟ್ಟೆ ನೋಡಿ ಏನಾಯ್ತು ಮೇಡಂ ಎಂದು ಕೇಳಿದವರಿಗೆಲ್ಲ ಈಳಿಗೆಮಣೆ ತಗುಲಿತು ಎಂದೇ ಹೇಳುತ್ತ ಬಂದಿದ್ದೇನೆ. ಗಿಣಿ ಕಚ್ಚಿತು ಎಂದರೆ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ, ನಗುತ್ತಾರೆ.

ಪುಸ್ತಕಗಳಲ್ಲಿ ಗಿಣಿಗೆ ಇರುವ ಗೌರವ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮನ್ಮಥನಿಗೆ ಅದೇ ವಾಹನ. ಮೀನಾಕ್ಷಿಯ ಕೈಮೇಲೆ ಅದಕ್ಕೇ ಜಾಗ. ಹಳೆಯ ಕಾವ್ಯಗಳಲ್ಲಿ ವಿರಹದಲ್ಲಿ ಬೆಂದ ರಾಜಕುಮಾರಿಯರು ಮನಸ್ಸಿನ ಮಾತನ್ನೆಲ್ಲ ಅದರ ಮುಂದೆ ತೋಡಿಕೊಳ್ಳುತ್ತಾರೆ. ಬರೆದವರಲ್ಲಿ ಒಬ್ಬರಾದರೂ ಗಿಣಿಯ ಜೊತೆ ಒಂದೇ ಅಡುಗೆಮನೆಯಲ್ಲಿ ಬಾಳಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಹಸಿಮೆಣಸಿನಕಾಯಿ ಕೊಟ್ಟರೆ ಬೀಜವನ್ನಷ್ಟೇ ತಿಂದು ಮಿಕ್ಕದ್ದನ್ನು ಒರೆಸಿದ ನೆಲದ ಮೇಲೆಯೇ ಬಿಸಾಡುತ್ತದೆ. ಕ್ಯಾಲೆಂಡರಿನ ಅಂಚು, ಬಾಗಿಲಿನ ಚೌಕಟ್ಟು, ನನ್ನ ಕನ್ನಡಕದ ಕಾಲು, ಎಲ್ಲವನ್ನೂ ಕಡಿದು ನೋಡುತ್ತದೆ. ತೊಳೆದಿಟ್ಟ ಕೊತ್ತಂಬರಿ ಸೊಪ್ಪಿನಲ್ಲಿ ಹೊರಳಾಡಿ ಸ್ನಾನ ಮುಗಿಸಿ, ಆ ಸೊಪ್ಪನ್ನು ಸಾರಿಗೆ ಹಾಕಬೇಕೋ ಬೇಡವೋ ಎಂಬ ತೀರ್ಮಾನವನ್ನು ನನಗೆ ಬಿಡುತ್ತದೆ. ನನ್ನ ಮದುವೆಯಲ್ಲಿ ನಮ್ಮಮ್ಮ ಕಣ್ಣೀರು ಒರೆಸಿಕೊಂಡು, ಗಿಣಿ ಸಾಕಿದ ಹಾಗೆ ಸಾಕಿದ್ದೀವಿ, ಚೆನ್ನಾಗಿ ನೋಡ್ಕೊಳ್ಳಿ ಎಂದು ಅತ್ತೆಯ ಕೈಗೆ ನನ್ನ ಕೈಯಿಟ್ಟಿದ್ದಳು. ಅತ್ತೆ ಗಿಣಿಯನ್ನು ಹೇಗೆ ಸಾಕುತ್ತಾರೆಂದು ಕಂಡ ಮೇಲೆ, ನಮ್ಮಮ್ಮ ಅವತ್ತು ತುಸು ಹೆಚ್ಚಾಗಿಯೇ ಹೇಳಿದಳು ಅನ್ನಿಸಿತ್ತು.

ರಸ್ತೆ ಅಗಲ ಮಾಡುವಾಗ ಕಡಿದ ತೆಂಗಿನಮರದ ಪೊಟರೆಯಲ್ಲಿ ಅದು ಸಿಕ್ಕಿದ್ದು. ಮೈಮೇಲೆ ಪುಕ್ಕವಿಲ್ಲ, ಒಂದು ರೆಕ್ಕೆ ಮುರಿದಿತ್ತು. ಅತ್ತೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬೆರಳ ತುದಿಯಲ್ಲಿ ರಾಗಿ ಗಂಜಿ ಕುಡಿಸಿ ಬದುಕಿಸಿದರು. ರೇಷ್ಮೆಹುಳ ಮೇಯಿಸುವ ಮನೆ ನಮ್ಮದು. ಹಿಪ್ಪುನೇರಳೆ ಸೊಪ್ಪು ತರುವಾಗ ಹಣ್ಣನ್ನು ಬೇರೆ ಮಾಡಿ ಇದಕ್ಕೆಂದು ತೆಗೆದಿಡುತ್ತಿದ್ದರು. ತೆಲುಗಿನಲ್ಲಿ ಚಿಕ್ಕ ಹುಡುಗ ಎಂಬ ಅರ್ಥ ಬರುವಂತೆ ‘ಚಿನ್ನೋಡು’ ಎಂದು ಹೆಸರಿಟ್ಟರು. ಗಂಡು ಗಿಣಿಗೆ ಎರಡು ಮೂರು ವರ್ಷಕ್ಕೆ ಕೊರಳಲ್ಲಿ ಕೆಂಪು ಪಟ್ಟಿ ಬರಬೇಕು. ಚಿನ್ನೋಡಿಗೆ ಎಷ್ಟು ವರ್ಷ ಕಳೆದರೂ ಬರಲಿಲ್ಲ. ಇದು ಹೆಣ್ಣು ಅತ್ತಮ್ಮ, ಪುಸ್ತಕದಲ್ಲಿ ಬರೆದಿದೆ ಎಂದೆ. ಬರುತ್ತೆ ಬಿಡು, ಅದಕ್ಕೇನು ಅವಸರ ಎಂದರು. ಗಿಣಿ ಸಾಕುವುದು ಕಾನೂನಿಗೆ ವಿರುದ್ಧ ಎಂದೂ ಒಮ್ಮೆ ಹೇಳಿ ನೋಡಿದೆ. ಗೂಡಿನ ಬಾಗಿಲು ತೆಗೆದೇ ಇದೆಯಲ್ಲ, ರೆಕ್ಕೆ ಸರಿಹೋದ ದಿನ ಹೋಗಲಿ, ನಾನೇನು ಹಿಡಿದುಕೊಂಡಿದ್ದೀನಾ ಎಂದು ನನ್ನ ಬಾಯಿ ಮುಚ್ಚಿಸಿದರು. ರೆಕ್ಕೆ ಸರಿಹೋಗಲೇ ಇಲ್ಲ.

ನಮ್ಮ ಮನೆಯಲ್ಲಿ ಬೆಳಗಿನ ಊಟವೇ ದೊಡ್ಡ ಊಟ. ಮಕ್ಕಳು ಸ್ಕೂಲ್ ಬಸ್ಸು ಹತ್ತಿ, ನಮ್ಮನೆಯವರು ಉಂಡು ತೋಟಕ್ಕೆ ಹೋದ ಮೇಲೆ ನಾನೂ ಅತ್ತೆಯೂ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತು ಉಣ್ಣುತ್ತಿದ್ದೆವು. ಚಿನ್ನೋಡು ಗೂಡಿನಿಂದ ಕೊಕ್ಕು ಊರಿಕೊಂಡು ಇಳಿದು, ಓಲಾಡುತ್ತ ಬಂದು ಅತ್ತೆಯ ತಟ್ಟೆಯ ಅಂಚಿನಲ್ಲಿ ನಿಲ್ಲುತ್ತಿತ್ತು. ನಾನು ಗೌರಿಬಿದನೂರಿನ ಕಡೆಯವಳು, ಅತ್ತೆಯ ತವರು ಚಿಂತಾಮಣಿ ದಾಟಿ ಆಂಧ್ರದ ಗಡಿಯ ಹತ್ತಿರ. ಸುಮ್ಮನಿರುವಾಗ ಅವರದು ಕನ್ನಡ, ಸಿಟ್ಟು ಬಂದರೂ ಪ್ರೀತಿ ಬಂದರೂ ತೆಲುಗು. ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, “ಉಪ್ಪು ಯಾಡ ಪೆಟ್ನಾವಮ್ಮಾ?” ಎನ್ನುತ್ತಿದ್ದರು. ಉಪ್ಪು ಎಲ್ಲಿಟ್ಟೆಯಮ್ಮಾ, ಸಾರಿನಲ್ಲಂತೂ ಇಲ್ಲ ಎಂದು ಅದರ ತಾತ್ಪರ್ಯ. ನಾನು ಕನ್ನಡದಲ್ಲಿ ಎದುರು ಹೇಳುತ್ತಿದ್ದೆ. ಅಲ್ಲಿಂದ ಶುರುವಾಗಿ ಮಾತು ನನ್ನ ತವರಿನ ಅಡುಗೆ, ಮಕ್ಕಳ ಮೊಬೈಲು, ನಾನು ಲೈಬ್ರರಿಗೆ ಉಡುವ ಸೀರೆ, ಎಲ್ಲವನ್ನೂ ಸುತ್ತಿ ಬರುತ್ತಿತ್ತು. ಅತ್ತೆಯ ದನಿ ಏರಿದ ತಕ್ಷಣ ಚಿನ್ನೋಡು ತಲೆಯ ಪುಕ್ಕ ಕೆದರಿ, ಕಣ್ಣಿನ ಕಪ್ಪನ್ನು ಹಿಗ್ಗಿಸಿ ಕುಗ್ಗಿಸಿ, ನನ್ನ ಕಡೆ ತಿರುಗಿ ಕಿವಿ ಹರಿದುಹೋಗುವಂತೆ ಕಿರುಚುತ್ತಿತ್ತು. ವಿಷಯ ಏನೆಂದು ಒಂದು ದಿನವೂ ವಿಚಾರಿಸಿದ್ದಿಲ್ಲ. ಅತ್ತಮ್ಮನ ಪಕ್ಷ ಅಂದರೆ ಅತ್ತಮ್ಮನ ಪಕ್ಷ.

ದಿನವಿಡೀ ಸದ್ದು ಮಾಡಬೇಡಿ ಎಂದು ಜನರಿಗೆ ಹೇಳುವುದೇ ನನ್ನ ಕೆಲಸ. ಮನೆಯಲ್ಲಿ ಆ ಮಾತು ನಡೆಯುತ್ತಿರಲಿಲ್ಲ. ಲೈಬ್ರರಿಯ ಬೀಗ ತೆಗೆದು ಒಳಗೆ ಕಾಲಿಟ್ಟಾಗ, ಅಬ್ಬ, ತಣ್ಣಗಾಯಿತು ಎಂದುಕೊಳ್ಳುತ್ತಿದ್ದೆ. ಆ ಜಗಳವಿಲ್ಲದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ ಎಂಬುದು ಆಗ ನನಗೆ ತಿಳಿಯಬೇಕಲ್ಲ.

ಹೋದ ಬೇಸಿಗೆಯಲ್ಲಿ ಅತ್ತೆ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಕಾರಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದರು. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋದರು.

ಹಾಲು ತುಪ್ಪದ ದಿನ ಮಣ್ಣು ಮಾಡಿದ ಜಾಗದಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆಯಿಟ್ಟೆವು. ಮುದ್ದೆ, ಹುರುಳಿ ಸಾರು, ವಡೆ, ಎಲೆ ಅಡಿಕೆ. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ, ಆಗ ಉಳಿದವರು ಒಬ್ಬೊಬ್ಬರಾಗಿ ಮಾತು ಕೊಡಬೇಕು. ಅವತ್ತು ಕಾಗೆಗಳು ಬೇವಿನಮರದಲ್ಲಿ ಕೂತು ನಮ್ಮನ್ನು ನೋಡುತ್ತಿದ್ದವೇ ಹೊರತು ಇಳಿಯಲಿಲ್ಲ. ನಮ್ಮನೆಯವರು, ನೀನು ನೆಟ್ಟ ಹುಣಸೆಮರ ಕಡಿಸುವುದಿಲ್ಲ ಕಣಮ್ಮ ಎಂದರು. ನಾದಿನಿ, ಹಬ್ಬಹಬ್ಬಕ್ಕೂ ತಪ್ಪದೆ ಬರುತ್ತೇನೆ ಎಂದಳು. ಕಾಗೆಗಳು ಕದಲಲಿಲ್ಲ. ಬಿಸಿಲು ಏರುತ್ತಿತ್ತು, ಎಲ್ಲರ ಮುಖವೂ ಬಾಡಿತ್ತು, ಹಿರಿಯರೊಬ್ಬರು ಇನ್ನೇನಿತ್ತಪ್ಪ ಆಕೆಗೆ ಆಸೆ ಎಂದು ಗೊಣಗಿದರು. ನನ್ನ ಬಾಯಿಂದ ಮಾತು ತಾನಾಗಿ ಬಂತು.

“ಚಿನ್ನೋಡ್ನ ನಾನ್ ನೋಡ್ಕೋತೀನಿ ಅತ್ತಮ್ಮ. ನೀವು ಹೋಗ್ಬನ್ನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಒಂದು ಕಾಗೆ ಇಳಿದು ವಡೆಗೆ ಬಾಯಿ ಹಾಕಿತು. ನಾದಿನಿ ನನ್ನನ್ನು ತಬ್ಬಿಕೊಂಡು ಅತ್ತಳು. ಜನ ನನ್ನ ಕಡೆ ಸರಿದದ್ದರಿಂದ ಎಡೆಯ ಸುತ್ತ ಜಾಗವಾಗಿ ಕಾಗೆಗೆ ಧೈರ್ಯ ಬಂತು ಎಂದು ನಾಲ್ಕಕ್ಷರ ಓದಿದ ನನ್ನ ತಲೆ ಹೇಳುತ್ತಿತ್ತು. ತಲೆ ಏನಾದರೂ ಹೇಳಿಕೊಳ್ಳಲಿ, ಸತ್ತವರ ಮುಂದೆ ಕೊಟ್ಟ ಮಾತು ಮಾತೇ. ನನ್ನನ್ನು ಕಂಡರಾಗದ ಗಿಣಿ ನನ್ನ ಪಾಲಿಗೆ ಬಂತು.

ಮನೆಗೆ ಬಂದು ನೋಡಿದರೆ ಅದು ಹಿಂದಿನ ದಿನ ಹಾಕಿದ್ದನ್ನೂ ಮುಟ್ಟಿರಲಿಲ್ಲ. ನೆಂಟರ ಗದ್ದಲಕ್ಕೆ ಹೆದರಿದೆ ಎಂದುಕೊಂಡೆವು. ನೆಂಟರು ಹೋದರು, ತಿಥಿಯೂ ಮುಗಿಯಿತು, ಅದು ಜೀವ ಹಿಡಿಯಲು ಬೇಕಾದಷ್ಟು ಮಾತ್ರ ಎಲ್ಲೋ ಒಂದೆರಡು ಕಾಳು ಕುಟುಕಿ ಮೂಲೆ ಸೇರುತ್ತಿತ್ತು. ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳಲು ಶುರುಮಾಡಿತು. ಬೆಳಿಗ್ಗೆ ಗೂಡಿನ ಕೆಳಗೆ ಹಸಿರು ಪುಕ್ಕ ಗುಡಿಸುವ ಕೆಲಸ ನನ್ನದಾಯಿತು. ಮೆಣಸಿನಕಾಯಿ ಹಿಡಿದೆ, ಸೀಬೆಹಣ್ಣು ಹಿಡಿದೆ, ಹಿಪ್ಪುನೇರಳೆ ಹಣ್ಣು ಹಿಡಿದೆ. ಕಚ್ಚಲೂ ಇಲ್ಲ, ಮುಖ ತಿರುಗಿಸಿತು. ಹಸು ನೋಡುವ ಡಾಕ್ಟರನ್ನು ಕರೆಸಿದೆವು. ಅವರು ಅಂಗೈಯಲ್ಲಿ ತೂಗಿ ನೋಡಿ, ರೋಗವೇನೂ ಇಲ್ಲ, ಹೀಗೇ ತಿನ್ನದಿದ್ದರೆ ಉಳಿಯುವುದು ಕಷ್ಟ ಎಂದರು.

ಕತೆಗಳಲ್ಲಾಗಿದ್ದರೆ ಗಿಣಿ ಅತ್ತೆಯ ದನಿಯಲ್ಲಿ ಮಾತಾಡಿ ನಮ್ಮನ್ನೆಲ್ಲ ಅಳಿಸಬೇಕಿತ್ತು. ನಮ್ಮ ಮಕ್ಕಳು ಅದಕ್ಕೇ ಕಾದಿದ್ದರು. ‘ನಾಯನಾ’ ಎಂದು ಅತ್ತೆ ಮುದ್ದು ಮಾಡುವುದನ್ನು ಅದು ಕಲಿತಿತ್ತು, ಈಗ ಅದನ್ನೂ ಬಿಟ್ಟಿತು. ಮಾತಿಲ್ಲ, ಕಿರುಚಿಲ್ಲ. ನಿದ್ದೆ ಬರುವ ಮುಂಚೆ ಗಿಣಿಗಳು ಒಂಟಿಕಾಲಲ್ಲಿ ನಿಂತು ಸುಖಕ್ಕೆ ಕೊಕ್ಕು ಮಸೆಯುತ್ತವೆ, ಆ ಕರಕರವೂ ಇಲ್ಲ. ನಾನು ವರ್ಷಗಟ್ಟಲೆ ಬೇಡಿದ್ದ ನಿಶ್ಶಬ್ದ ಮನೆಗೆ ಬಂತು. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಲೈಬ್ರರಿಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಸುಮ್ಮನೆ ಬಿಟ್ಟುಬಿಡುತ್ತಿದ್ದೆ.

ನಾನೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಅಡುಗೆಮನೆಯ ಆ ಜಾಗದಲ್ಲಿ ಕೂರಲು ಮನಸ್ಸು ಬರದೆ, ಒಲೆಯ ಪಕ್ಕ ನಿಂತುಕೊಂಡೇ ಎರಡು ತುತ್ತು ನುಂಗಿ ಬಸ್ಸಿಗೆ ಓಡುತ್ತಿದ್ದೆ. ಒಂದು ರಜೆಯ ದಿನ ಮಕ್ಕಳು ನಾದಿನಿಯ ಮನೆಗೆ ಹೋಗಿದ್ದರು, ನಮ್ಮನೆಯವರು ತೋಟದಲ್ಲಿದ್ದರು. ಓಡಲು ಬಸ್ಸೂ ಇರಲಿಲ್ಲ. ತಟ್ಟೆ ಹಿಡಿದು ನೆಲದ ಮೇಲೆ, ನನ್ನ ಹಳೆಯ ಜಾಗದಲ್ಲೇ ಕೂತುಬಿಟ್ಟೆ. ಎದುರಿಗೆ ಅತ್ತೆಯ ಜಾಗ ಖಾಲಿ. ಮುದ್ದೆ ಮುರಿಯುವಾಗ ಗೂಡಿನಲ್ಲಿ ಸದ್ದಾಯಿತು. ಚಿನ್ನೋಡು ಕೊಕ್ಕು ಊರಿಕೊಂಡು ಇಳಿಯುತ್ತಿತ್ತು. ಓಲಾಡುತ್ತ ಬಂದು ಅತ್ತೆ ಕೂರುತ್ತಿದ್ದ ಕಡೆ ನಿಂತಿತು. ಅತ್ತ ನೋಡಿತು, ನನ್ನ ತಟ್ಟೆ ನೋಡಿತು. ಚೂರು ಮುದ್ದೆ ಮುಂದಿಟ್ಟೆ. ತಿನ್ನಲಿಲ್ಲ. ಕಾಯುತ್ತ ನಿಂತಿತು.

ಅದು ಏನನ್ನು ಕಾಯುತ್ತಿದೆ ಎಂದು ನನಗೆ ಹೊಳೆಯಿತು. ಊಟ ಶುರುವಾಗುವ ಕ್ರಮವೊಂದಿತ್ತಲ್ಲ, ಅದಿನ್ನೂ ಆಗಿರಲಿಲ್ಲ. ಯಾರೂ ಇಲ್ಲದ ಮನೆಯಲ್ಲೂ ನನಗೆ ನಾಚಿಕೆಯಾಯಿತು. ಆದರೂ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಾನು ಮಾಡಿದ ಸಾರನ್ನು ನಾನೇ ತೆಲುಗಿನಲ್ಲಿ ಬೈದೆ. “ಉಪ್ಪು ಯಾಡ ಪೆಟ್ನಾವಮ್ಮಾ?” ಒಂದು ದಿನವೂ ತೆಲುಗು ಆಡದ ನನ್ನ ಬಾಯಲ್ಲಿ ಆ ಎಳೆತ, ಆ ‘ಅಮ್ಮಾ’ದ ಕೊನೆಯಲ್ಲಿ ಮೂಗಿಗೆ ತಗುಲುವ ಆ ರಾಗ, ಒಂದು ಚೂರೂ ತಪ್ಪದೆ ಬಂತು. ಚಿನ್ನೋಡಿನ ತಲೆಯ ಪುಕ್ಕ ನಿಂತಿತು. ನನ್ನ ಕಡೆ ತಿರುಗಿ ಕಿರುಚಿತು. ತಡೆಯದೆ ಬಂದು ನನ್ನ ಬೆರಳನ್ನು ರಕ್ತ ಬರುವಂತೆ ಕಚ್ಚಿತು. ಆಮೇಲೆ ಮುದ್ದೆಗೆ ಬಾಯಿ ಹಾಕಿತು. ಅತ್ತೆ ಹೋದ ಮೇಲೆ ನಾನು ಬಾಯಿಬಿಟ್ಟು ಅತ್ತದ್ದು ಅವತ್ತೇ.

ತಲೆಯೆತ್ತಿದರೆ ನಮ್ಮನೆಯವರು ಬಾಗಿಲಲ್ಲಿ ನಿಂತಿದ್ದರು. ನೀರು ಕುಡಿಯಲು ಬಂದವರು. ಹುಚ್ಚು ಹಿಡಿಯಿತೇ ಎಂದು ಕೇಳುತ್ತಾರೆ ಎಂದುಕೊಂಡೆ. ಅವರ ಮುಖ ಬೇರೆಯೇ ಆಗಿತ್ತು. ಅಮ್ಮನನ್ನು ಮಣ್ಣು ಮಾಡುವಾಗಲೂ ಅಳದ ಮನುಷ್ಯ.

“ಇನ್ನೊಂದ್ ಸಲ ಅನ್ನು,” ಎಂದರು.

ಅಂದೆ. ಅವರು ಚೌಕಟ್ಟಿಗೆ ಒರಗಿ, ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಆಗ ನನಗೆ ತಿಳಿಯಿತು, ಅತ್ತಮ್ಮ ಇಷ್ಟು ವರ್ಷ ಕೂರಿಸಿಕೊಂಡು ಮಾತು ಕಲಿಸಿದ್ದು ಯಾರಿಗೆ ಎಂದು. ಚಿನ್ನೋಡಿಗೆ ಬಂದದ್ದು ಒಂದೇ ಒಂದು ಮಾತು, ಅದನ್ನೂ ಮರೆತುಬಿಟ್ಟಿತು. ನಾನು ದಿನವೂ ಎದುರು ಹೇಳುತ್ತಲೇ ಎಲ್ಲವನ್ನೂ ಕಲಿತುಬಿಟ್ಟಿದ್ದೆ.

ಅಂದಿನಿಂದ ಬೆಳಗಿನ ಊಟಕ್ಕೆ ನಾನೂ ಚಿನ್ನೋಡೂ ಜೊತೆಗೆ ಕೂರುತ್ತೇವೆ. ಅತ್ತೆಯ ಪರವಾಗಿ ನಾನೇ ಬೈದು, ನನ್ನ ಪರವಾಗಿ ನಾನೇ ಬೈಸಿಕೊಳ್ಳುತ್ತೇನೆ. ಗಿಣಿ ಪಕ್ಷ ಬದಲಾಯಿಸಿಲ್ಲ, ಕಚ್ಚುವುದನ್ನು ಬಿಟ್ಟಿಲ್ಲ. ಎದೆಯ ಮೇಲೆ ಪುಕ್ಕ ಬರುತ್ತಿದೆ. ಹೋದವರಿಗೆ ಏನು ಆಸೆ ಉಳಿಯಿತು ಎಂದು ಅವತ್ತು ಅಷ್ಟು ಜನ ತಲೆ ಕೆಡಿಸಿಕೊಂಡರು. ಅತ್ತಮ್ಮ ವಡೆ ತಿಂದು ತೃಪ್ತಿಯಾಗಿ ಹೊರಟುಹೋದರು. ಆಸೆ ಉಳಿದದ್ದು ನಮಗೆ, ನಮ್ಮನ್ನು ಯಾವ ಕಾಗೆಯೂ ಕೇಳುವುದಿಲ್ಲ.

ಜೊತೆಗೆ ಊಟಕ್ಕೆ ಕೂತವರೆಲ್ಲ ಮುಗಿಸುವ ತನಕ ಯಾರೂ ಏಳಬಾರದು ಎಂದು ನಮ್ಮ ಮನೆಯಲ್ಲೊಂದು ಪದ್ಧತಿ. ಗಿಣಿಯ ಊಟವೋ ಬಲು ನಿಧಾನ. ಒಂದು ಕಾಳನ್ನು ಕಾಲಲ್ಲಿ ಹಿಡಿದು, ತಿರುಗಿಸಿ ನೋಡಿ, ಸಿಪ್ಪೆ ಸುಲಿದು, ಅರ್ಧ ಬಿಸಾಡಿ, ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ನನ್ನ ಕೈ ಒಣಗಿರುತ್ತದೆ, ಬಸ್ಸು ಹೋಗಿರುತ್ತದೆ, ಪೇಪರ್ ಓದಲು ಬರುವವರು ಲೈಬ್ರರಿಯ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಆದರೂ ಕೂತಿರುತ್ತೇನೆ. ಅತ್ತಮ್ಮ ಈ ಪದ್ಧತಿಯನ್ನು ಒಂದು ದಿನವೂ ಮುರಿದವರಲ್ಲ. ಒಂದೇ ಒಂದು ಸಲ, ಹೋದ ಬೇಸಿಗೆಯಲ್ಲಿ, ನಾವಿಬ್ಬರೂ ಇನ್ನೂ ಉಣ್ಣುತ್ತಿರುವಾಗಲೇ ಎದ್ದು ಹೋಗಿಬಿಟ್ಟರು.