ನಾಲ್ಕು ಕಾರು, ಅದೇ ನಿಂಬೆಹಣ್ಣು

ನಿನ್ನೆ ಹನಗೋಡಿನ ತವರಿನಲ್ಲಿ ತಮ್ಮನ ಹೊಸ ಕಾರಿನ ಬಾಗಿಲು ತೆಗೆದಾಗ ಚರ್ಮದ ಸೀಟಿನ ವಾಸನೆ ಮುಖಕ್ಕೆ ಬಡಿಯಿತು. ಅಪ್ಪನ ಮೊದಲ ಕಾರಿನಲ್ಲೂ ಇದೇ ವಾಸನೆಯಿತ್ತು. ಆ ದುಬಾರಿ ಕಾರಿನ ಮಾದರಿ ಬದಲಾದಂತೆಲ್ಲ ನಮ್ಮ ಮನೆಗೂ ಹೊಸದು ಬಂತು. ಮೊದಲನೆಯದು ಬೆನ್ನಿಗೆ ಸ್ಟೆಪ್ನಿ ಚಕ್ರ ಹೊತ್ತ ಚೌಕ ಪೆಟ್ಟಿಗೆ. ಎರಡನೆಯದರ ಮೂಲೆಗಳು ದುಂಡಗಾದವು, ಮೂರನೆಯದರಲ್ಲಿ ಚಕ್ರ ಹೊಟ್ಟೆಯಡಿಗೆ ಸರಿಯಿತು. ಈ ನಾಲ್ಕನೆಯದಕ್ಕೆ ಚಾವಣಿಯೇ ಗಾಜು.

ಮೊದಲನೆಯದು ಬಂದ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟವಳು ನಾನು. ಪೂಜಾರಿಗಾಗಿ ಕಾಯುತ್ತಿದ್ದೆವು. ಆಗ ಕಾಡಂಚಿನ ಗಿರಿಜನರ ಹಾಡಿಯಿಂದ ಬೊಮ್ಮ ಓಡಿಬಂದ. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಅವನ ಹೆಂಡತಿ ಬೊಳ್ಳಿಗೆ ಹೆರಿಗೆ ಕಷ್ಟವಾಗಿತ್ತು.

"ಬುದ್ಧಿ, ಉಣ್ಸೂರು ಆಸ್ಪತ್ರೆಗೆ ಬುಟ್ಬುಡಿ."

"ಪೂಜೆ ಆಗ್ದೆ ಗಾಡಿ ಈಚೆಗೆ ತೆಗೆಯಂಗಿಲ್ಲ ಕಣ್ಲಾ. ಒಂದ್ಗಳಿಗೆ ತಡಿ," ಎಂದರು ಅಪ್ಪ.

ಬೊಮ್ಮ ಆ ಹಣ್ಣನ್ನೇ ನೋಡುತ್ತ ಕೂತ. ಪೂಜೆ ಮುಗಿದು, ಚಕ್ರದಡಿ ಹಣ್ಣು ಅಪ್ಪಚ್ಚಿಯಾಗಿ, ಕಾರು ಹಾಡಿ ಮುಟ್ಟುವಷ್ಟರಲ್ಲಿ ಬೊಳ್ಳಿಯ ಉಸಿರು ನಿಂತಿತ್ತು. ಹಣೆಬರಹ ಅಂದರು ಮನೆಯವರು. ಕಾರು ಅಂಗಳದಲ್ಲೇ ನಿಂತಿತ್ತೆಂದು ಯಾರೂ ಬಾಯಿಬಿಡಲಿಲ್ಲ.

ನಿನ್ನೆ ತಮ್ಮ ನಿಂಬೆಹಣ್ಣನ್ನು ನನ್ನ ಕೈಗೇ ಕೊಟ್ಟ.

"ಈಗ ಯಾರಾದ್ರೂ ಆಸ್ಪತ್ರೆಗೆ ಅಂತ ಓಡ್ಬಂದ್ರೆ?" ಎಂದೆ.

"ಆಂಬುಲೆನ್ಸ್ ಐತಲ್ಲಕ್ಕ. ಮೊದ್ಲು ಪೂಜೆ ಮುಗೀಲಿ, ಇಡು."

ಹಾಡಿಯ ದಾರಿಯ ಕಡೆ ನೋಡಿದೆ. ಹಣ್ಣು ಕೈಯಲ್ಲೇ ಉಳಿಯಿತು.